ಮೆಟ್ರಿಕ್ ಅಳತೆಗಳ ಪರಿವರ್ತನೆ ಸುಲಭ ಅಂತಾರೆ, ಹೇಗೆ?

ಆರನೇ ಕ್ಲಾಸಿನ ಮಗಳು ಮೀಟರ್, ಗ್ರಾಂ, ಲೀಟರ್‌ಗಳ ಪಟ್ಟಿ ಬಾಯಿಪಾಠ ಮಾಡಿ ಸೋತಿದ್ದಾಳೆ, ಇದನ್ನು ಸುಲಭ ಅನ್ನುವುದು ಯಾಕೆ ಅಂತ ಕೇಳಿದ್ದೀರಿ. ನಾನು ಉಡುಪಿಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಮೊದಲು ಆ ಪಟ್ಟಿಯನ್ನು ಪಕ್ಕಕ್ಕಿಡಿ.

ಸದ್ಯ ಅವಳಿಗೆ ಮೂರು ಮಾತು ಗೊತ್ತಿದ್ದರೆ ಸಾಕು. ಕಿಲೋ ಅಂದರೆ ಸಾವಿರ ಪಟ್ಟು. ಸೆಂಟಿ ಅಂದರೆ ನೂರರಲ್ಲಿ ಒಂದು ಪಾಲು. ಮಿಲಿ ಅಂದರೆ ಸಾವಿರದಲ್ಲಿ ಒಂದು ಪಾಲು. ಮೀಟರ್ ಜೊತೆ ಬಂದರೂ, ಗ್ರಾಂ ಜೊತೆ ಬಂದರೂ ಅರ್ಥ ಬದಲಾಗುವುದಿಲ್ಲ. ನಾವು ಎಣಿಸುವುದು ಹತ್ತು, ನೂರು, ಸಾವಿರದ ಲೆಕ್ಕದಲ್ಲಿ ಅಲ್ವಾ? ಅಳತೆಯೂ ಅದೇ ಲೆಕ್ಕದಲ್ಲಿದೆ. ಹಾಗಾಗಿ ಅಂಕಿಗಳು ಹಾಗೇ ಉಳಿಯುತ್ತವೆ, ಪಾಯಿಂಟ್ ಮಾತ್ರ ಜರುಗುತ್ತದೆ. 2.35 ಕಿಲೋಮೀಟರ್ ಅಂದರೆ 2350 ಮೀಟರ್. ಅಳತೆ ಚಿಕ್ಕದಾದರೆ ಸಂಖ್ಯೆ ದೊಡ್ಡದಾಗಬೇಕು. ಎಡಕ್ಕೋ ಬಲಕ್ಕೋ ಅಂತ ಗೊಂದಲವಾದಾಗ ಇದನ್ನು ನೆನೆದರೆ ಸಾಕು.

ನಮ್ಮ ಹಳೆಯ ಅಕ್ಕಿ ಲೆಕ್ಕ ಹೀಗಿರಲಿಲ್ಲ. 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಒಂದೊಂದಕ್ಕೂ ಬೇರೆ ಬೇರೆ ಸಂಖ್ಯೆ. 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂತು, ಮರುವರ್ಷ ಅಕ್ಟೋಬರ್‌ನಿಂದ ಹಂತ ಹಂತವಾಗಿ ಕಿಲೋ ಬಂತು. ಜಾಗದ ವ್ಯವಹಾರ ಮಾತ್ರ ಇಲ್ಲಿ ಈಗಲೂ ಸೆಂಟ್ಸ್‌ನಲ್ಲೇ. ಒಂದು ಸೆಂಟ್ಸ್ ಅಂದರೆ 435.6 ಚದರ ಅಡಿ. ಹದಿಮೂರೂವರೆ ಸೆಂಟ್ಸ್ ಎಷ್ಟು ಚದರ ಅಡಿ ಅಂತ ಮನಸ್ಸಲ್ಲೇ ಲೆಕ್ಕ ಹಾಕಿ ನೋಡಿ, ಕಷ್ಟ ಗೊತ್ತಾಗುತ್ತದೆ.

ನನಗೆ ತುಂಬ ಇಷ್ಟವಾದದ್ದು ಮಳೆಯ ಲೆಕ್ಕ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ಹೇಗೆ ಅಂದರೆ, ಒಂದು ಚದರ ಮೀಟರ್ ಅಂದರೆ 10,000 ಚದರ ಸೆಂಟಿಮೀಟರ್. ನೀರಿನ ಎತ್ತರ 0.1 ಸೆಂಟಿಮೀಟರ್. ಗುಣಿಸಿದರೆ 1000 ಘನ ಸೆಂಟಿಮೀಟರ್, ಅದೇ ಒಂದು ಲೀಟರ್. ಒಂದು ಲೀಟರ್ ನೀರಿನ ತೂಕ ಹೆಚ್ಚುಕಮ್ಮಿ ಒಂದು ಕಿಲೋ. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳಲ್ಲಿ, ಒಂದೇ ದಿನಕ್ಕೆ 100 ಮಿಲಿಮೀಟರ್ ಸುರಿಯುವುದು ನಮಗೆ ಹೊಸದಲ್ಲ. ಅಂಥ ದಿನ 80 ಚದರ ಮೀಟರ್ ತಾರಸಿಯ ಮೇಲೆ ಬೀಳುವ ನೀರು 8000 ಲೀಟರ್, ಅಂದರೆ 8 ಟನ್. ಉದ್ದ, ಜಾಗ, ನೀರು, ತೂಕ ಎಲ್ಲವೂ ಒಂದೇ ಸಾಲಿನ ಲೆಕ್ಕದಲ್ಲಿ ಬಂದವು, ಪೆನ್ನು ಕೂಡ ಬೇಕಾಗಲಿಲ್ಲ. ಇಂಚು, ಚದರ ಅಡಿ, ಗ್ಯಾಲನ್, ಪೌಂಡ್ ಹಿಡಿದು ಹೊರಟರೆ ಪ್ರತಿ ಹೆಜ್ಜೆಗೂ ಹೊಸ ಸಂಖ್ಯೆ ನೆನಪಿಡಬೇಕು. ಮಳೆ ಬರುವ ದಿನ ಮಗಳ ಹತ್ತಿರ ಈ ಲೆಕ್ಕ ಮಾಡಿಸಿ, ಖಂಡಿತ ಖುಷಿಪಡುತ್ತಾಳೆ.

ಮಕ್ಕಳು ಎಡವುವುದು ಜಾಸ್ತಿ ಚದರ ಅಳತೆಯಲ್ಲಿ. ಮೀಟರಿಗೆ 100 ಸೆಂಟಿಮೀಟರ್ ಅಂತ ಚದರ ಮೀಟರಿಗೂ 100 ಅಂತ ಬರೆದುಬಿಡುತ್ತಾರೆ. ಉದ್ದಕ್ಕೆ ನೂರು, ಅಗಲಕ್ಕೆ ನೂರು ಗೆರೆ ಎಳೆದು ತೋರಿಸಿ, 10,000 ಯಾಕೆ ಅಂತ ಅವಳಿಗೇ ತಿಳಿಯುತ್ತದೆ. ಇನ್ನು ಗಂಟೆ, ನಿಮಿಷಗಳು ಹತ್ತರ ಲೆಕ್ಕಕ್ಕೆ ಬರುವುದಿಲ್ಲ. ಗಂಟೆಗೆ 72 ಕಿಲೋಮೀಟರ್ ವೇಗವನ್ನು ಸೆಕೆಂಡಿಗೆ 20 ಮೀಟರ್ ಅಂತ ಮಾಡಲು 3.6ರಿಂದ ಭಾಗಿಸಬೇಕು. ಅದು ಮುಂದಿನ ಕ್ಲಾಸುಗಳಲ್ಲಿ ಬರುತ್ತದೆ, ಈಗಲೇ ಅವಳಿಗೆ ಆ ಚಿಂತೆ ಬೇಡ.