ಓದುಗರ ಪ್ರಶ್ನೆ, ನಮ್ಮ ಉತ್ತರ: ಯೊಸೆಮಿಟಿಯ ಹಿಮ ಮತ್ತು ಬಿಡಾರ

ಪ್ರಶ್ನೆ: ಮಗಳು, ಅಳಿಯ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದಾರೆ. ಜನವರಿಯಲ್ಲಿ ನಾವಿಬ್ಬರೂ ಅಲ್ಲಿರುತ್ತೇವೆ. ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ದು ಹಿಮ ತೋರಿಸಿ, ಒಂದು ರಾತ್ರಿ ಟೆಂಟಿನಲ್ಲಿ ಉಳಿಸಬೇಕೆಂಬುದು ಅವರ ಆಸೆ. ನನಗೆ ಅರವತ್ತೆಂಟು ವರ್ಷ, ಪತ್ನಿಗೆ ಮಂಡಿನೋವು. ಹೋಗಬಹುದೇ?
– ಓದುಗರು, ಮೈಸೂರು

ಉತ್ತರ: ಖಂಡಿತ ಹೋಗಿ. ಆದರೆ ಹಿಮ ನೋಡುವ ಜಾಗ ಬೇರೆ, ರಾತ್ರಿ ತಂಗುವ ಜಾಗ ಬೇರೆ ಎಂದು ಮಕ್ಕಳೊಡನೆ ಮೊದಲೇ ಮಾತಾಡಿಕೊಳ್ಳಿ. ಯೊಸೆಮಿಟಿ ಕಣಿವೆ ಸಮುದ್ರಮಟ್ಟದಿಂದ ಸುಮಾರು 4,000 ಅಡಿ ಎತ್ತರದಲ್ಲಿದೆ. ಅಲ್ಲಿ ಬಿದ್ದ ಹಿಮ ಹೆಚ್ಚು ದಿನ ನಿಲ್ಲುತ್ತದೆಂಬ ಖಾತರಿಯಿಲ್ಲ. ಆದರೆ ಉದ್ಯಾನದೊಳಗೇ 1935ರಿಂದ ನಡೆದುಬಂದಿರುವ ಬ್ಯಾಡ್ಜರ್ ಪಾಸ್ ಎಂಬ ಸ್ಕೀ ತಾಣ 7,200 ಅಡಿ ಎತ್ತರದಲ್ಲಿದ್ದು, ಸಾಕಷ್ಟು ಹಿಮ ಬಿದ್ದ ವರ್ಷಗಳಲ್ಲಿ ಡಿಸೆಂಬರ್ ನಡುವಿನಿಂದ ಮಾರ್ಚ್‌ವರೆಗೆ ತೆರೆದಿರುತ್ತದೆ. ಅದರ ಇಳಿಜಾರುಗಳು ಕಡಿದಾಗಿಲ್ಲದ ಕಾರಣ ಹೊಸಬರಿಗೆ ಅನುಕೂಲ. ನಿಮ್ಮ ಪತ್ನಿಯವರು ಸ್ಕೀ ಕಟ್ಟಿಕೊಳ್ಳಬೇಕಾಗಿಯೇ ಇಲ್ಲ. ಅಲ್ಲಿನ ಕಟ್ಟಡದ ಜಗಲಿಯಲ್ಲಿ ಬಿಸಿಲು ಕಾಯುತ್ತ ಕುಳಿತರೂ ಎದುರಿಗೆ ಇಡೀ ಬೆಟ್ಟ ಬೆಳ್ಳಗೆ ಹರಡಿರುತ್ತದೆ. ಮಂಡಿನೋವಿರುವವರಿಗೆ ಮೆತ್ತನೆಯ ಹಿಮಕ್ಕಿಂತ ಕಾರು ನಿಲ್ಲಿಸುವ ಜಾಗದಲ್ಲಿ ತುಳಿದು ಗಟ್ಟಿಯಾದ ಮಂಜುಗಡ್ಡೆಯೇ ಹೆಚ್ಚು ಅಪಾಯಕಾರಿ. ಆದ್ದರಿಂದ ಹಲ್ಲುಹಲ್ಲಾದ ಅಡಿಯಿರುವ ಬೂಟು ಮತ್ತು ಊರುಗೋಲು ಜೊತೆಗಿರಲಿ.

ಟೆಂಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಜನವರಿಯಲ್ಲಿ ಬೇಡ. ಕಣಿವೆಯ ಅಪ್ಪರ್ ಪೈನ್ಸ್ ಬಿಡಾರ ವರ್ಷವಿಡೀ ತೆರೆದಿರುವುದು ನಿಜ. ಆದರೆ ಕಣಿವೆಯ ದಕ್ಷಿಣದ ಬಂಡೆಗೋಡೆ ಚಳಿಗಾಲದ ಸೂರ್ಯನನ್ನು ಅಡ್ಡಗಟ್ಟುವುದರಿಂದ ಆ ಭಾಗಕ್ಕೆ ಹಗಲಿನಲ್ಲಿಯೂ ಬಿಸಿಲು ಬೀಳುವುದು ಕಡಿಮೆ, ಮತ್ತು ರಾತ್ರಿಯ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯುವುದು ಸಾಮಾನ್ಯ. ಮೈಸೂರಿನ ಚಳಿಗೆ ಒಗ್ಗಿದ ದೇಹ, ನಡುರಾತ್ರಿ ಹೆಪ್ಪುಗಟ್ಟಿದ ನೆಲದ ಮೇಲೆ ಶೌಚಾಲಯಕ್ಕೆ ನಡೆದುಹೋಗಬೇಕಾದ ಸ್ಥಿತಿ, ಇವೆರಡನ್ನೂ ನೆನೆದರೆ ಬಿಸಿ ವ್ಯವಸ್ಥೆಯಿರುವ ಕೋಣೆಯೇ ಸರಿ. ಕಣಿವೆಯ ಉತ್ತರ ಬದಿಯ ವಸತಿಗೃಹಗಳಿಗೆ ಬಿಸಿಲೂ ಹೆಚ್ಚು.

ದಾರಿಯ ಬಗ್ಗೆ ಅಳಿಯಂದಿರಿಗೆ ಎರಡು ಮಾತು. ಮರ್ಸೆಡ್ ಮೂಲಕ ಬರುವ 140ನೆಯ ಹೆದ್ದಾರಿ ನದಿಯ ದಡ ಹಿಡಿದು ಬರುವುದರಿಂದ ಉದ್ಯಾನಕ್ಕೆ ಹೋಗುವ ದಾರಿಗಳಲ್ಲಿ ಅದೇ ಅತ್ಯಂತ ತಗ್ಗಿನದು. 120 ಮತ್ತು 41ನೆಯ ಹೆದ್ದಾರಿಗಳು 6,000 ಅಡಿ ದಾಟಿ ಇಳಿಯುತ್ತವೆ. ಯಾವ ದಾರಿಯಾದರೂ ಟೈರಿಗೆ ಸುತ್ತುವ ಸರಪಳಿ ಕಾರಿನಲ್ಲಿ ಇರಲೇಬೇಕು. ನಾಲ್ಕೂ ಚಕ್ರಕ್ಕೆ ಶಕ್ತಿ ಸಾಗುವ ಕಾರು, ಹಿಮದ ಟೈರು ಎರಡೂ ಇದ್ದವರಿಗೆ ಸರಪಳಿ ಕಟ್ಟುವುದರಿಂದ ಹಲವು ವೇಳೆ ವಿನಾಯಿತಿ ಸಿಗುತ್ತದೆಯೇ ಹೊರತು ಅದನ್ನು ಒಯ್ಯುವುದರಿಂದಲ್ಲ. ಕಟ್ಟುವುದನ್ನು ಹೊರಡುವ ಮುನ್ನ ಮನೆಯಂಗಳದಲ್ಲೇ ಒಮ್ಮೆ ಅಭ್ಯಾಸ ಮಾಡಲಿ. ಕತ್ತಲಲ್ಲಿ, ಕೈಬೆರಳು ಮರಗಟ್ಟಿರುವಾಗ ಕಲಿಯುವ ವಿದ್ಯೆ ಅದಲ್ಲ.

ಪ್ರಶ್ನೆ: ಮಕ್ಕಳಿಗೆ ಶಾಲೆಯ ರಜೆ ಬೇಸಿಗೆಯಲ್ಲೇ. ಆಗಲೂ ಹಿಮ ಕಾಣಸಿಗುತ್ತದೆಯೇ?
– ಓದುಗರು, ಫ್ರೀಮಾಂಟ್

ಉತ್ತರ: ಎತ್ತರಕ್ಕೆ ಹೋದರೆ ಸಿಗಬಹುದು. ಯೊಸೆಮಿಟಿಯ ಟಯೋಗಾ ಪಾಸ್ ಎಂಬ ಬೆಟ್ಟದ ಕಣಿವೆದಾರಿ 9,943 ಅಡಿ ಎತ್ತರದಲ್ಲಿದ್ದು, ಅಲ್ಲಿಗೆ ಹೋಗುವ ರಸ್ತೆ ಸಾಮಾನ್ಯವಾಗಿ ನವೆಂಬರ್‌ನಲ್ಲಿ ಮುಚ್ಚಿ ಮೇ ಕೊನೆಗೋ ಜೂನ್‌ನಲ್ಲೋ ತೆರೆಯುತ್ತದೆ. ಭಾರೀ ಹಿಮ ಬಿದ್ದ 2023ರಲ್ಲಿ ಜುಲೈ 22ರವರೆಗೂ ಕಾಯಬೇಕಾಯಿತು. ರಸ್ತೆ ತೆರೆದ ಮೊದಲ ವಾರಗಳಲ್ಲಿ ಹೋದರೆ ನೆರಳಿನ ಇಳಿಜಾರುಗಳಲ್ಲಿ ಹಿಮದ ರಾಶಿಗಳಿರುತ್ತವೆ. ಆದರೆ ಬೇಸಿಗೆಯ ಆರಂಭದಲ್ಲಿ ನಾನು ಮಕ್ಕಳಿಗೆ ಮೊದಲು ತೋರಿಸಬಯಸುವುದು ಹಿಮವನ್ನಲ್ಲ, ಅದು ಕರಗಿ ಧುಮುಕುವುದನ್ನು. 2,425 ಅಡಿಯ ಯೊಸೆಮಿಟಿ ಜಲಪಾತ ತುಂಬಿ ಭೋರ್ಗರೆಯುವುದು ಮೇ, ಜೂನ್‌ನಲ್ಲಿ. ಆಗಸ್ಟ್ ಹೊತ್ತಿಗೆ ಅದು ಬಹುಮಟ್ಟಿಗೆ ಒಣಗಿರುತ್ತದೆ, ಏಕೆಂದರೆ ಅದರ ಮೂಲವೇ ಮೇಲಿನ ಹಿಮ. ಸ್ಯಾನ್ ಫ್ರಾನ್ಸಿಸ್ಕೊ ನಗರದ ನಲ್ಲಿಗಳಿಗೆ ಬರುವ ನೀರಿನ ಬಹುಪಾಲು ಇದೇ ಉದ್ಯಾನದ ಹೆಚ್ ಹೆಚಿ ಜಲಾಶಯದ್ದು, ಅಂದರೆ ಇವೇ ಬೆಟ್ಟಗಳ ಹಿಮ ಕರಗಿ ಬಂದದ್ದು ಎಂಬುದನ್ನು ಮಕ್ಕಳಿಗೆ ಅಲ್ಲಿಯೇ ಹೇಳಿ. ಟೆಂಟಿನಲ್ಲಿ ಉಳಿಯಲು ಕುಟುಂಬಗಳಿಗೆ ಇದೇ ಒಳ್ಳೆಯ ಕಾಲ; ಆದರೆ ಜಾಗಗಳು ತಿಂಗಳುಗಳ ಮುಂಚೆಯೇ ಮುಗಿದುಹೋಗುವುದರಿಂದ ಚಳಿಗಾಲದಲ್ಲೇ ಕಾಯ್ದಿರಿಸುವ ಯೋಚನೆ ಮಾಡಿ.

ಪ್ರಶ್ನೆ: ಬಿಡಾರದಲ್ಲಿ ನಮ್ಮ ಅಡಿಗೆ ಮಾಡಿಕೊಳ್ಳಬಹುದೇ?
– ಓದುಗರು, ಸ್ಯಾನ್ ಹೋಸೆ

ಉತ್ತರ: ಧಾರಾಳವಾಗಿ. ಆದರೆ ಅಲ್ಲಿ ಕಪ್ಪು ಕರಡಿಗಳಿವೆ. ಬಿಡಾರದ ಪ್ರತಿ ಟೆಂಟಿನ ಜಾಗಕ್ಕೂ ಒಂದು ಲೋಹದ ಪೆಟ್ಟಿಗೆ ಕೊಟ್ಟಿರುತ್ತಾರೆ. ಅಕ್ಕಿ, ಬೇಳೆ, ಚಟ್ನಿಪುಡಿ ಮಾತ್ರವಲ್ಲದೆ ಸಾಬೂನು, ಟೂತ್‌ಪೇಸ್ಟ್ ಮುಂತಾದ ವಾಸನೆಯಿರುವ ಪ್ರತಿಯೊಂದು ವಸ್ತುವನ್ನೂ ಹಗಲುರಾತ್ರಿ ಅದರಲ್ಲೇ ಮುಚ್ಚಿಡಬೇಕು. ರಾತ್ರಿ ಕಾರಿನಲ್ಲಿ ಒಂದು ಚಕ್ಕುಲಿ ಪೊಟ್ಟಣವನ್ನೂ ಬಿಡಬಾರದು. ವಾಸನೆ ಹಿಡಿದ ಕರಡಿಗೆ ಕಾರಿನ ಬಾಗಿಲು ದೊಡ್ಡ ಅಡ್ಡಿಯೇನಲ್ಲ. ಮನುಷ್ಯರ ಊಟದ ರುಚಿ ಕಂಡ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬಂದ ಪ್ರಸಂಗಗಳಿರುವುದರಿಂದ ಈ ನಿಯಮವನ್ನು ದಂಡದ ಭಯಕ್ಕಾಗಿ ಮಾತ್ರ ಪಾಲಿಸುವುದು ಸಾಲದು.

ಎತ್ತರದಲ್ಲಿ ನೀರು ಕಡಿಮೆ ಉಷ್ಣಾಂಶದಲ್ಲೇ ಕುದಿಯುತ್ತದೆ. 8,600 ಅಡಿಯ ಟುವಾಲಮಿ ಹುಲ್ಲುಗಾವಲಿನಲ್ಲಿ ಅದು ಸುಮಾರು 91 ಡಿಗ್ರಿ ಸೆಲ್ಸಿಯಸ್. ಆದ್ದರಿಂದ ಬೇಳೆ ಬೇಯಬೇಕಾದರೆ ಕುಕ್ಕರ್ ಒಯ್ಯಿರಿ. ಚಳಿ ಇರುವಾಗ ಬ್ಯೂಟೇನ್ ಡಬ್ಬಿಯ ಒಲೆ ನಂಬಬೇಡಿ, ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಆ ಅನಿಲ ಆವಿಯಾಗುವುದೇ ನಿಂತುಹೋಗುತ್ತದೆ; ಪ್ರೊಪೇನ್ ಒಲೆ ಉರಿಯುತ್ತದೆ. ಯಾವ ಒಲೆಯನ್ನೂ, ಎಷ್ಟೇ ಚಳಿಯಿದ್ದರೂ, ಟೆಂಟಿನೊಳಗೆ ಹಚ್ಚಬಾರದು: ಬೆಂಕಿಯ ಭಯ ಒಂದು ಕಡೆ, ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಇನ್ನೊಂದು ಕಡೆ.