ಮೂರು ಚಮಚ ತಿಂದ್ರೆ ಐಸ್‌ಕ್ರೀಮ್

ನನ್ನ ಹತ್ತಿರ ಸಲಹೆಗೆ ಬಂದಿದ್ದು ಗಂಡ ಹೆಂಡತಿ ಇಬ್ಬರೇ, ಮಕ್ಕಳನ್ನು ಕರೆತಂದಿರಲಿಲ್ಲ. (ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.) ಹೆಂಡತಿಯ ದೂರು ಒಂದೇ ಸಾಲು: "ಇನ್ಮೇಲೆ ಇವರ ಜೊತೆ ನಾನು ಹೊರಗೆ ಊಟಕ್ಕೆ ಹೋಗಲ್ಲ." ಗಂಡನದೂ ಅಷ್ಟೇ ಚಿಕ್ಕ ಉತ್ತರ: "ಮಗ ಏನೂ ತಿನ್ನದಿದ್ರೆ ಸುಮ್ನೆ ನೋಡ್ಕೊಂಡು ಕೂರಬೇಕಾ?"

ಆಕೆಗೆ ಕೆಲಸದಲ್ಲಿ ಬಡ್ತಿ ಸಿಕ್ಕಿತ್ತು. ಆ ಖುಷಿಗೆ ಸಿಟಿಗೆ ಹೋಗಿ ಥಾಯ್ ಊಟ, ಆಮೇಲೆ ಐಸ್‌ಕ್ರೀಮ್ ಅಂತ ಆಕೆಯೇ ಆಸೆಪಟ್ಟು ಗೊತ್ತುಮಾಡಿದ್ದರು. ಜೊತೆಗೆ 14 ವರ್ಷದ ಮಗಳು, 7 ವರ್ಷದ ಮಗ. ಟೇಬಲ್‌ಗೆ ಗ್ರೀನ್ ಕರಿ, ಪ್ಯಾಡ್ ಥಾಯ್ (ಹುರಿದ ನೂಡಲ್ಸ್), ಟಾಮ್ ಯಮ್ ಸೂಪ್ ಬಂದವು. ಮಗ ಒಂದು ಚಮಚ ಗ್ರೀನ್ ಕರಿ ಬಾಯಿಗಿಟ್ಟ. ಖಾರ ನೆತ್ತಿಗೇರಿತು. ಅಪ್ಪ ನೀರು ಕುಡಿಸಿದರು, ಉರಿ ಹೋಗಲಿಲ್ಲ. ಹುಡುಗ ತಟ್ಟೆ ದೂಡಿದ. ಆಗ ಅಪ್ಪನ ಬಾಯಿಂದ ಬಂತು: "ಮೂರು ಚಮಚ ತಿಂದ್ರೆ ಐಸ್‌ಕ್ರೀಮ್. ಇಲ್ಲಾಂದ್ರೆ ಸೀದಾ ಮನೆಗೆ."

ಹುಡುಗ ಅನ್ನವನ್ನೆಲ್ಲ ತಟ್ಟೆಯ ಅಂಚಿಗೆ ಎಳೆದುಕೊಂಡು, ಗ್ರೇವಿ ಹರಿದು ಬರದ ಹಾಗೆ ಫೋರ್ಕ್‌ನಲ್ಲಿ ಕಟ್ಟೆ ಕಟ್ಟುತ್ತಾ ಕೂತನಂತೆ. ಕಣ್ಣಲ್ಲಿ ನೀರು, ಬಾಯಲ್ಲಿ ಮಾತಿಲ್ಲ. ಮಗಳು ಫೋನ್ ತೆಗೆದಳು. ಅರ್ಧ ಊಟ ಟೇಬಲ್ ಮೇಲೇ ಉಳಿಯಿತು. ಹೇಳಿದ ಹಾಗೆ ಸೀದಾ ಮನೆಗೇ ಹೋದರು.

ಮೊದಲು ಖಾರದ ಮಾತು, ಯಾಕಂದ್ರೆ ಅದು ಸುಲಭ. ಮೆಣಸಿನಕಾಯಿಯ ಉರಿಗೆ ಕಾರಣ ಕ್ಯಾಪ್ಸೈಸಿನ್. ಅದು ನೀರಲ್ಲಿ ಕರಗಲ್ಲ, ಕೊಬ್ಬಿನಲ್ಲಿ ಕರಗುತ್ತೆ. ಹಾಲಿನಲ್ಲಿರುವ ಕೇಸಿನ್ ಎಂಬ ಪ್ರೋಟೀನ್ ಕೂಡ ಅದನ್ನು ಹಿಡಿದುಕೊಂಡು ಹೋಗುತ್ತೆ. ಅಂದ್ರೆ ಯಾವ ಐಸ್‌ಕ್ರೀಮನ್ನು ಶಿಕ್ಷೆ ಅಂತ ತಡೆಹಿಡಿದರೋ, ಆ ಹೊತ್ತಿಗೆ ಹುಡುಗನ ಬಾಯಿಗೆ ಬೇಕಿದ್ದ ಮದ್ದೇ ಅದು. ಇದನ್ನು ಹೇಳಿದಾಗ ಅಪ್ಪನಿಗೆ ನಗು ಬಂತು, ಅಮ್ಮನಿಗೆ ಬರಲಿಲ್ಲ.

ಅಪ್ಪನನ್ನು ಕೆಟ್ಟವರು ಅನ್ನೋಕೆ ನನಗೆ ಮನಸ್ಸಿಲ್ಲ. ತಟ್ಟೆ ಖಾಲಿ ಮಾಡದೆ ಏಳುವ ಹಾಗಿಲ್ಲದ ಮನೆಯಲ್ಲಿ ಬೆಳೆದವರು. ಉಪಾಯ ಫಲಿಸಿದ್ದನ್ನೂ ನೋಡಿದ್ದರು: "ಮನೇಲಿ ಚಾಕೊಲೇಟ್ ಆಸೆ ತೋರಿಸಿದ್ರೆ ತಿಂತಾನಲ್ಲ?" ತಿಂತಾನೆ, ನಿಜ. ಆದರೆ ಆ ದಿನಕ್ಕೆ ಮಾತ್ರ. 1980ರ ದಶಕದಲ್ಲಿ ಅಮೆರಿಕದ ಮನಃಶಾಸ್ತ್ರಜ್ಞೆ ಲೀಆನ್ ಬರ್ಚ್ ಮತ್ತು ಸಂಗಡಿಗರು ಪುಟ್ಟ ಮಕ್ಕಳ ಮೇಲೆ ಇದನ್ನೇ ಪರೀಕ್ಷಿಸಿದರು. ಬಹುಮಾನ ಸಿಗಲಿ ಅಂತ ಒಂದು ಪಾನೀಯ ಕುಡಿದ ಮಕ್ಕಳಿಗೆ ಆಮೇಲೆ ಆ ಪಾನೀಯದ ಮೇಲಿನ ಇಷ್ಟವೇ ಕಡಿಮೆಯಾಗಿತ್ತು. ಅವರದೇ ಇನ್ನೊಂದು ಪ್ರಯೋಗದಲ್ಲಿ, ಬಹುಮಾನವಾಗಿ ಕೊಟ್ಟ ತಿನಿಸಿನ ಮೇಲೆ ಆಸೆ ಜಾಸ್ತಿ ಆಗಿತ್ತು. ಕೂಲಿ ಕೊಟ್ಟು ಮಾಡಿಸುವ ಕೆಲಸ ಕಷ್ಟದ್ದೇ ಇರಬೇಕು ಅಂತ ಮಗುವಿಗೂ ಗೊತ್ತಾಗುತ್ತೆ, ಅಲ್ವಾ?

ನಾನು ಅವರಿಗೆ ಹೇಳಿದ್ದು ಆಹಾರತಜ್ಞೆ ಎಲಿನ್ ಸ್ಯಾಟರ್ ಮಾಡಿಕೊಟ್ಟಿರುವ ಹಂಚಿಕೆ. ಏನು, ಯಾವಾಗ, ಎಲ್ಲಿ ಅನ್ನುವುದು ದೊಡ್ಡವರ ಪಾಲು. ತಿನ್ನೋದಾ ಬೇಡ್ವಾ, ಎಷ್ಟು ಅನ್ನುವುದು ಮಗುವಿನ ಪಾಲು. ಐಸ್‌ಕ್ರೀಮ್ ಇದೆಯೋ ಇಲ್ಲವೋ ಅಂತ ಮನೆ ಬಿಡುವ ಮೊದಲೇ ತೀರ್ಮಾನ ಮಾಡಿ. ಇದೆ ಅಂದ ಮೇಲೆ ಇದೆ. ತಟ್ಟೆಯಲ್ಲಿ ಏನೇ ಉಳಿದರೂ ಅದು ಬದಲಾಗಬಾರದು.

ಆರ್ಡರ್ ಮಾಡುವಾಗಲೂ ಸ್ವಲ್ಪ ಯೋಚಿಸಬೇಕು. ಗ್ರೀನ್ ಕರಿಯ ಹಸಿರು ಬಣ್ಣ ಬರುವುದೇ ಹಸಿಮೆಣಸಿನಕಾಯಿಯಿಂದ. ಮಕ್ಕಳಿಗೆ ಅದಕ್ಕಿಂತ ಮಸ್ಸಮನ್ ಕರಿ ವಾಸಿ, ಖಾರ ಕಡಿಮೆ: ತೆಂಗಿನ ಹಾಲು, ಆಲೂಗಡ್ಡೆ, ಕಡಲೆಕಾಯಿ. ಪ್ಯಾಡ್ ಥಾಯ್‌ಗೆ ಮೆಣಸಿನಪುಡಿಯನ್ನು ಪಕ್ಕದಲ್ಲೇ ಇಟ್ಟುಕೊಡಿ ಅನ್ನಬಹುದು. ಜೊತೆಗೆ ಬರೀ ಅನ್ನವೋ ಸ್ಪ್ರಿಂಗ್ ರೋಲೋ, ಹುಡುಗನಿಗೆ ಗುರುತಿರುವ ಒಂದಾದರೂ ಟೇಬಲ್ ಮೇಲಿರಲಿ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಹೆಂಡತಿ ನಡುವೆ ಏನೋ ಹೇಳಲು ಹೋಗಿ ಎರಡು ಸಲ ನುಂಗಿಕೊಂಡಿದ್ದು ಕಂಡಿತ್ತು. ಅವರನ್ನು ಒಬ್ಬರನ್ನೇ ಕೂರಿಸಿಕೊಂಡು ಕೇಳಿದೆ. ಆವತ್ತು ಹೋಟೆಲಿನಲ್ಲಿ ಆಕೆ ಕೈ ತೊಳೆಯಲು ಎದ್ದು ಹೋಗಿ ಬರುವಷ್ಟರಲ್ಲಿ ಗಂಡ ಎಲ್ಲರಿಗೂ ಸೇರಿಸಿ ಆರ್ಡರ್ ಕೊಟ್ಟು ಮುಗಿಸಿದ್ದರು. ಆಕೆ ವಾರದಿಂದ ಮೆನು ನೋಡಿ ಮನಸ್ಸಲ್ಲೇ ಆರಿಸಿಟ್ಟಿದ್ದು ಟೇಬಲ್‌ಗೆ ಬರಲೇ ಇಲ್ಲ. "ಬಡ್ತಿ ಬಗ್ಗೆ ಒಬ್ಬರೂ ಒಂದು ಮಾತು ಕೇಳಲಿಲ್ಲ" ಅಂದರು.

ಮಗಳ ವಿಷಯ ಹೊರಬಂದಿದ್ದೂ ಆಗಲೇ. ಆ ಹುಡುಗಿ ಕೆಲವು ತಿಂಗಳಿಂದ ಮೀನು ಮಾಂಸ ಬಿಟ್ಟಿದ್ದಾಳೆ. ಪ್ಯಾಡ್ ಥಾಯ್‌ಗೆ ತರಕಾರಿ, ತೋಫು ಹಾಕಿಸಿದರೆ ಸಾಕು ಅಂತ ಅಪ್ಪ ಅಂದುಕೊಂಡಿದ್ದರು. ಅದಕ್ಕೆ ಸಾಮಾನ್ಯವಾಗಿ ಫಿಶ್ ಸಾಸ್ ಬೀಳುತ್ತೆ, ಕರಿ ಪೇಸ್ಟ್‌ನಲ್ಲಿ ಹೆಚ್ಚಾಗಿ ಸೀಗಡಿಯ ಪೇಸ್ಟ್ ಇರುತ್ತೆ. ಬಾಯಿಬಿಟ್ಟು ಕೇಳದಿದ್ದರೆ ಗೊತ್ತಾಗಲ್ಲ. (ಕಡಲೆಕಾಯಿ ಅಲರ್ಜಿ ಇರುವವರಂತೂ ಕೇಳಲೇಬೇಕು.) ಅವಳು ಬರೀ ಅನ್ನ ತಿಂದು ಫೋನ್ ಹಿಡಿದಳು. ಎಲ್ಲರ ಕಣ್ಣೂ ತಮ್ಮನ ಮೂರು ಚಮಚದ ಮೇಲಿತ್ತು.

ಹಾಗಾಗಿ ಸಲಹೆಗೆ ಇನ್ನೊಂದು ಸೇರಿತು. ಮತ್ತೆ ಹೋಗಿ, ಅದೇ ಕಾರಣಕ್ಕೆ. ಆರ್ಡರ್ ಆಕೆಯೇ ಮಾಡಲಿ. ಮಗನ ತಟ್ಟೆ ಬಗ್ಗೆ ಅಪ್ಪ ಹೊಗಳಿಕೆಯನ್ನೂ ಆಡಬಾರದು, ತೆಗಳಿಕೆಯನ್ನೂ ಆಡಬಾರದು. ಆ ಹೊತ್ತಲ್ಲಿ ಹೆಂಡತಿಯ ಹೊಸ ಕೆಲಸದ ಬಗ್ಗೆ ಕೇಳಲಿ, ಉತ್ತರ ಮುಗಿಯುವವರೆಗೂ ಕೇಳಲಿ. ಮಗನ ತೂಕ, ಬೆಳವಣಿಗೆ ಸರಿಯಾಗಿದೆ, ಮನೆಯಲ್ಲಿ ನಾಲ್ಕಾರು ಬಗೆ ತಿನ್ನುತ್ತಾನೆ. ಅದಕ್ಕೇ ಇಷ್ಟು ನಿರಾಳವಾಗಿ ಹೇಳಿದೆ. ತಿನ್ನುವ ಪದಾರ್ಥಗಳು ದಿನೇದಿನೇ ಕಡಿಮೆಯಾಗುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಮೊದಲು ಮಕ್ಕಳ ವೈದ್ಯರ ಹತ್ತಿರ ಕಳಿಸುತ್ತಿದ್ದೆ.

ಹೋಗಿ ಬಂದರು. ಹುಡುಗ ಅನ್ನ, ಸ್ಪ್ರಿಂಗ್ ರೋಲ್ ತಿಂದ. ಮಸ್ಸಮನ್‌ನಿಂದ ಒಂದು ಆಲೂಗಡ್ಡೆ ತುಂಡು ಎತ್ತಿ, ಮೂಸಿ, ವಾಪಸ್ ಇಟ್ಟ. ಅಪ್ಪ ತುಟಿ ಕಚ್ಚಿಕೊಂಡು ಕೂತಿದ್ದರಂತೆ. ಐಸ್‌ಕ್ರೀಮ್ ಎಲ್ಲರಿಗೂ ಸಿಕ್ಕಿತು. ಅಡುಗೆಯವರನ್ನು ಕೇಳಿ ಫಿಶ್ ಸಾಸ್ ಬಿಡಿಸಿದ್ದು ಮಗಳೇ. ಹೆಂಡತಿಯ ದೂರು ಮಾತ್ರ ಪೂರ್ತಿ ತೀರಿಲ್ಲ. ತನ್ನನ್ನು ಕೇಳದೆ ಗಂಡ ತೀರ್ಮಾನ ಮಾಡುವುದು ಹೋಟೆಲಿನಲ್ಲಿ ಮಾತ್ರ ಅಲ್ಲ ಅನ್ನುತ್ತಾರೆ. ಮುಂದಿನ ಭೇಟಿಯನ್ನು ಅದಕ್ಕೇ ಇಟ್ಟಿದ್ದೇವೆ.