ಚಿನ್ನದ ನ್ಯಾನೋರಾಡ್ (ಕಣ್ಣಿಗೆ ಕಾಣದಷ್ಟು ಸಣ್ಣ ಕಡ್ಡಿ) ಮಾಡ್ಲಿಕ್ಕೆ ಹೋದ್ರೆ ಯಾವಾಗ್ಲೂ ಗೋಲಿಯೇ (ದುಂಡು ಕಣ) ಬರ್ತದೆ, ಎಂತ ಮಾಡೋದು?

ಪ್ರತಿ ಸಲ ಕೆಂಪು ನೀರು, ಬೆಳಕು ಹೀರೋದನ್ನ ಅಳೆಯೋ ಯುವಿ-ವಿಸಿಬಲ್‌ನಲ್ಲಿ 520 ನ್ಯಾನೋಮೀಟರ್ ಹತ್ರ ಒಂದೇ ಪೀಕ್ ಅಂತ ಬರ್ದಿದ್ದೀರಿ, ಅದು ಗೋಲಿಯೇ ಮಾರಾಯ್ರೆ, ರಾಡ್ ಇದ್ರೆ 700-800ರ ಕಡೆ ಇನ್ನೊಂದು ಪೀಕ್ ಬರ್ಬೇಕಿತ್ತು. ಮಂಗಳೂರಲ್ಲಿ ಲ್ಯಾಬ್‌ನಲ್ಲಿದ್ದಾಗ ನಾನೂ ಒಂದು ಇಡೀ ಮಳೆಗಾಲ ಇದೇ ಗೋಲಿ ಆಡಿದ್ದೇನೆ.

ನೀವು ಹಿಡ್ದಿರೋ 2003ರ ನಿಕೂಬಖ್ತ್-ಎಲ್ ಸಯೀದ್ ರೆಸಿಪಿಯಲ್ಲಿ ತಪ್ಪಿಲ್ಲ. ಬೀಜಕ್ಕೆ, ಅಂದ್ರೆ ಮೊದ್ಲು ಮಾಡಿಟ್ಟ ಚಿನ್ನದ ಪುಟ್ಟ ಕಣಕ್ಕೆ, ಚಿನ್ನ ಎಲ್ಲಾ ಕಡೆ ಒಂದೇ ಸಮ ಹತ್ತಿದ್ರೆ ಗೋಲಿ, ಪಕ್ಕದ ಮುಖಗಳಲ್ಲಿ ಬೆಳ್ಳಿ ಮತ್ತು ಸೋಪಿನಂಥ ರಾಸಾಯನಿಕ ಸಿಟ್ಯಾಬ್‌ನ ಬ್ರೋಮೈಡ್ ಅಡ್ಡ ಕೂತ್ರೆ ಚಿನ್ನಕ್ಕೆ ತುದಿಯೇ ಗತಿ, ಆಗ ಉದ್ದ ಬೆಳೀತದೆ. ಈ ಅಡ್ಡ ಕೂರುವ ಕೆಲಸ ಎಷ್ಟು ಸೂಕ್ಷ್ಮ ಅಂದ್ರೆ 2008ರಲ್ಲಿ ಸ್ಮಿತ್ ಮತ್ತು ಕೋರ್ಗೆಲ್ ಅನ್ನೋರು ಒಂದೇ ರೆಸಿಪಿಗೆ ಹತ್ತು ಬೇರೆಬೇರೆ ಸಿಟ್ಯಾಬ್ ಹಾಕಿ ನೋಡಿದ್ರು, ಮೂರರಲ್ಲಿ ರಾಡೇ ಇಲ್ಲ. ಡಬ್ಬದಲ್ಲಿ ಚೂರು ಅಯೋಡೈಡ್ ಸೇರಿಕೊಂಡಿರ್ತದೆ, ಅದು ಚಿನ್ನಕ್ಕೆ ಬ್ರೋಮೈಡ್‌ಗಿಂತ ಗಟ್ಟಿ ಅಂಟಿ ರಾಡ್ ಆಗ್ಲಿಕ್ಕೆ ಬಿಡಲ್ಲ ಅಂತ ಆಮೇಲೆ ಗೊತ್ತಾಯ್ತು. ಹಾಗಾಗಿ ಮೊದ್ಲು ಬೇರೆ ಡಬ್ಬ ಟ್ರೈ ಮಾಡಿ.

ನನ್ನ ಕೇಸಲ್ಲಿ ಡಬ್ಬ ಸರಿಯೇ ಇತ್ತು, ಎಸಿ ಕೆಟ್ಟದ್ದು ಮಾಡಿತ್ತು. ಯಾರೋ 20ಕ್ಕೆ ಇಟ್ಟು ಹೋಗ್ತಿದ್ರು, ಬೆಳಿಗ್ಗೆ ಬಂದು ನೋಡಿದ್ರೆ ಬಾಟ್ಲಿ ಅಡಿಯಲ್ಲಿ ಬಿಳಿ ಸೂಜಿ ಸೂಜಿ. ಸಿಟ್ಯಾಬ್ 25 ಡಿಗ್ರಿ ಕೆಳಗೆ ತೆಂಗಿನೆಣ್ಣೆ ಕಟ್ಟಿದ ಹಾಗೇ ಕಟ್ತದೆ, ನಾನು ಮೇಲಿನ ತಿಳಿ ಮಾತ್ರ ತೆಗ್ದು ಹಾಕ್ತಿದ್ದೆ! ಈಗ 28ರ ವಾಟರ್‌ಬಾತ್ ಬಿಟ್ಟು ಮಾತೇ ಇಲ್ಲ.

ಇನ್ನೊಂದು ಬೋರೋಹೈಡ್ರೈಡ್, ಬೀಜ ಮಾಡ್ಲಿಕ್ಕೆ ಹಾಕೋ ಪುಡಿ. ನಮ್ಮ ಜುಲೈ ಗಾಳಿಗೆ ಮುಚ್ಚಳ ತೆಗ್ದಿಟ್ರೆ ಪುಡಿ ಗಂಟು ಕಟ್ತದೆ, ಆಮೇಲೆ ಅದನ್ನ ನಂಬ್ಲಿಕ್ಕಾಗಲ್ಲ. ಐಸ್ ನೀರಲ್ಲಿ ಆಗಿಂದಾಗ ಕರಗಿಸಿ ಒಂದೇ ಸಲಕ್ಕೆ ಸುರೀರಿ, ಬೀಜದ ನೀರು ತೆಳು ಕಣ್ಣ ಚಾ (ಹಾಲಿಲ್ಲದ ಚಹಾ) ಬಣ್ಣಕ್ಕೆ ಬರ್ಬೇಕು. ಗುಲಾಬಿ ಕಂಡ್ರೆ ಬೀಜ ಆಗ್ಲೇ ದೊಡ್ಡದಾಗಿದೆ, ಚೆಲ್ಲಿ. ಬೀಜ ಬೆಳೆಸೋ ದ್ರಾವಣಕ್ಕೆ (ಚಿನ್ನ, ಬೆಳ್ಳಿ, ಸಿಟ್ಯಾಬ್ ಇರೋದು) ಆಸ್ಕಾರ್ಬಿಕ್ ಆಸಿಡ್ ಹಾಕಿದಾಗ ಹಳದಿ ಹೋಗಿ ಪೂರಾ ನೀರಿನ ಹಾಗೆ ಆಗ್ಬೇಕು, ಬೀಜ ಹಾಕೋ ಮೊದ್ಲೇ ಅಲ್ಲಿ ಕೆಂಪು ಬಂದ್ರೆ ಗ್ಲಾಸ್ ಗಲೀಜು, ಆಕ್ವಾ ರೀಜಿಯಾದಲ್ಲಿ (ಚಿನ್ನ ಕರಗಿಸೋ ಕಡು ಆಸಿಡ್ ಮಿಶ್ರಣ) ತೊಳೀರಿ, ಹೊಗೆ ಹೊರಗೆ ಎಳೆಯೋ ಫ್ಯೂಮ್‌ಹುಡ್ ಒಳಗೆ ಆಯ್ತಾ. ಬೀಜ ಹಾಕಿದ ಮೇಲೆ ಅಲ್ಲಾಡಿಸ್ತಾ ಕೂರ್ಬೇಡಿ, ಸುಮ್ನೆ ಬಿಡಿ.

ನಿಮ್ಮ ಬೀಜದ ಬಣ್ಣ ಎಂತ, ಲ್ಯಾಬ್ ಟೆಂಪರೇಚರ್ ಎಷ್ಟು ಅಂತ ಬರೀರಿ, ನೋಡುವ.